ಹಳೆ ಫೈಬರ್ ದೋಣಿಯ ಅಡಿಗೆ ಪುಟ್ಟಿ ಹಾಕಿ ಪೇಂಟ್ ಹೊಡೆದರೆ ಸಾಕಾ?

14 ಅಡಿಯ ಹಳೆ ಫೈಬರ್ ದೋಣಿ, ಅಡಿಯಲ್ಲಿ ಗೇಣುದ್ದದ ಬಿರುಕು, ಅಲ್ಲಲ್ಲಿ ಗುಳ್ಳೆ. ಮಳೆ ನಿಂತ ಕೂಡಲೇ ಪುಟ್ಟಿ ಮೆತ್ತಿ ಪೇಂಟ್ ಹೊಡೆದು ನೀರಿಗಿಳಿಸಬಹುದಾ ಅಂತ ಕೇಳಿದ್ದೀರಿ. ಹಾಗೆ ಮಾಡಬೇಡಿ ಮಾರಾಯ್ರೆ. ಅಲೆ ಹೊಡೆದಾಗ ದೋಣಿಯ ಮೈ ಬಳುಕುತ್ತದೆ, ಪುಟ್ಟಿ ಬಳುಕುವುದಿಲ್ಲ. ಅದೇ ಬಿರುಕು ಮತ್ತೆ ಬಾಯಿ ಬಿಡುತ್ತದೆ.

ಕೋಡಿಬೆಂಗ್ರೆ ಹತ್ತಿರ ಸ್ವರ್ಣಾ ನದಿಯಲ್ಲಿ ನಮ್ಮದೂ ಇಂಥದೇ ಒಂದು ದೋಣಿ ಉಂಟು. ಮೊದಲ ಸಲ ನಾನು ರಿಪೇರಿಗೆ ಕೈ ಹಾಕಿದ್ದು ಸೆಪ್ಟೆಂಬರಿನಲ್ಲಿ, ನಾಲ್ಕು ದಿನ ಬಿಸಿಲು ಬಂತೆಂದು. ಡಿಸೆಂಬರಿನಲ್ಲಿ ಅಂಚಿಗೆ ಉಗುರು ತಾಗಿಸಿದರೆ ಹಾಕಿದ ಮ್ಯಾಟ್ (ಗಾಜಿನ ನಾರಿನ ಹಾಸು) ಹಪ್ಪಳದ ಹಾಗೆ ಎದ್ದು ಬಂತು, ಕೆಳಗೆ ಇನ್ನೂ ಒದ್ದೆ. ಆಮೇಲೆ ಒಣಗದ ಮೈಗೆ ನಾನು ರೆಸಿನ್, ಅಂದರೆ ಮ್ಯಾಟನ್ನು ಹಿಡಿದು ಗಟ್ಟಿಯಾಗುವ ಅಂಟುದ್ರವ, ಮುಟ್ಟಿಸಿಲ್ಲ.

ದೋಣಿ ಕವುಚಿ ಹಾಕಿ, ಸಿಹಿನೀರಲ್ಲಿ ತೊಳೆದು, ನಾಣ್ಯದಿಂದ ಅಡಿ ಪೂರ್ತಿ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಪದರ ಬಿಟ್ಟಲ್ಲಿ ಸದ್ದು ಸತ್ತಂತಿರುತ್ತದೆ. ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಗುಳ್ಳೆ ಒಡೆದಾಗ ವಿನೆಗರಿನ ಹಾಗೆ ಹುಳಿ ವಾಸನೆಯ ನೀರು ಬಂದರೆ, ಜೆಲ್‌ಕೋಟ್ (ಹೊರಗಿನ ನುಣುಪು ಪದರ) ದಾಟಿ ಹೋದ ನೀರು ಒಳಗಿನ ರೆಸಿನನ್ನೇ ಕೆಡಿಸುತ್ತಿದೆ ಅಂತ ಲೆಕ್ಕ. ಅಂಥವನ್ನೆಲ್ಲ ಒಡೆದು, ಮತ್ತೆ ಮತ್ತೆ ತೊಳೆದು, ತೆರೆದೇ ಬಿಡಿ. ವಾರಗಟ್ಟಲೆ ಬೇಕಾಗಬಹುದು. ಒಣಗಿತೋ ಇಲ್ಲವೋ ನೋಡಲು ಅಂಗೈ ಅಗಲದ ಪಾಲಿಥಿನ್ ಹಾಳೆಯನ್ನು ನಾಲ್ಕೂ ಸುತ್ತ ಟೇಪ್ ಹಾಕಿ ಅಂಟಿಸಿ. ಮರುದಿನ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ನಮ್ಮ ಕರಾವಳಿಯಲ್ಲಿ ದೀಪಾವಳಿ ಕಳೆದ ಮೇಲೆಯೇ ಈ ಕೆಲಸಕ್ಕೆ ಕಾಲ.

ಉಜ್ಜುವ ಮೊದಲು ಅಸಿಟೋನ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಹಳೆ ಮೇಣ ಒಳಗೆ ಹೊಕ್ಕುತ್ತದೆ. ಬಿರುಕಿನ ಎರಡೂ ಬದಿ ದಪ್ಪದ 12 ಪಟ್ಟು ದೂರದವರೆಗೆ ಇಳಿಜಾರಾಗಿ ಗ್ರೈಂಡ್ ಮಾಡಬೇಕು. ಅಂದರೆ 5 ಮಿಲಿಮೀಟರ್ ದಪ್ಪದ ಮೈಗೆ 60 ಮಿಲಿಮೀಟರ್. ಅಷ್ಟು ಕೊರೆಯಲು ಮನಸ್ಸು ಬರುವುದಿಲ್ಲ, ಆದರೆ ಹೊಸ ಪದರ ಹಿಡಿದುಕೊಳ್ಳುವುದು ಆ ಅಗಲದಲ್ಲೇ. ಮಾಸ್ಕ್, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಚರ್ಮದ ಮೇಲೆ ಧೂಳು ಕೂತರೆ ತಣ್ಣೀರಲ್ಲೇ ತೊಳೆಯಿರಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪ ಬರುತ್ತದೆ. ಒಮ್ಮೆಗೆ ಎರಡು ಮೂರು ಪದರ ಸಾಕು, ಹೆಚ್ಚಾದರೆ ಕಾದು ಸೀಳುತ್ತದೆ. ರೋಲರ್ ಆಡಿಸಿ ಗಾಳಿ ಪೂರ್ತಿ ಹೊರಡಿಸಿ. ಬಿಸಿಲಿನ ದಿನ 100 ಗ್ರಾಂ ರೆಸಿನಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ 1 ಗ್ರಾಂ ಸಾಕು. ಗಟ್ಟಿಯಾಗುವುದನ್ನು ಚುರುಕು ಮಾಡುವ ಕೋಬಾಲ್ಟ್ ದ್ರವವನ್ನು ಬೇರೆಯಾಗಿ ಕೊಟ್ಟಿದ್ದರೆ ಮೊದಲು ಅದನ್ನು ರೆಸಿನಿಗೆ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಇವೆರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು.

ಮೇಲಿನ ಜೆಲ್‌ಕೋಟ್ ಗಾಳಿಗೆ ಅಂಟಂಟಾಗಿಯೇ ಉಳಿಯುತ್ತದೆ. ಮೇಣ ಬೆರೆತದ್ದನ್ನೇ ತನ್ನಿ. ಆಮೇಲೆ 400, 800, 1200ರ ನೀರುಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಉಜ್ಜಿ, ಕೊನೆಗೆ ಹೊಳಪಿಗೆ ಪಾಲಿಶ್ ಕಾಂಪೌಂಡ್.

ಬಿರುಕು ಅಡಿಯ ನಡುಗೆರೆಯವರೆಗೆ (ಕೀಲ್) ಹೋಗಿದ್ದರೆ ಮಾತ್ರ ನೀವೇ ಕೈ ಹಾಕಬೇಡಿ. ಮಲ್ಪೆ ಕಡೆಯ ಫೈಬರ್ ಕೆಲಸದವರಿಗೆ ಒಮ್ಮೆ ತೋರಿಸಿ, ಒಳಗಿನಿಂದಲೂ ಪದರ ಹಾಕಬೇಕಾಗುತ್ತದೆ.