1.3 ಲಕ್ಷ ಓಡಿರೋ ಡೀಸೆಲ್ ಡಿಜೈರ್ ತಗೋಬೋದಾ, ಟರ್ಬೊ ಇನ್ನೆಷ್ಟು ದಿನ ಬರತ್ತೆ?

ನೀವು ನೋಡಿರೋದು 2015ರ ಡಿಜೈರ್ ಡೀಸೆಲ್, 1.3 ಲಕ್ಷ ಕಿಲೋಮೀಟರ್ ಆಗಿದೆ, ಟರ್ಬೊ ಹೋಗೋ ಟೈಮ್ ಬಂತು ಅಂತ ಯಾರೋ ಹೆದರಿಸಿದಾರೆ, ಅಲ್ವಾ. ನಾನು ತುಮಕೂರಿನವನೇ, ಇದೇ 1.3 ಲೀಟರ್ ಡೀಸೆಲ್ ಇಂಜಿನ್ನಿನ ಸ್ವಿಫ್ಟ್ ಓಡಿಸ್ತೀನಿ, ಫ್ರೆಂಡ್ಸ್ ಜೊತೆ ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋಗೋದು ನಂಗೊಂದು ಚಟ. ಟರ್ಬೊ ಅಂದ್ರೆ ಇಂಜಿನ್ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಫ್ಯಾನು, ಅದಕ್ಕೆ ಇಷ್ಟೇ ಕಿಲೋಮೀಟರ್ ಆಯಸ್ಸು ಅಂತ ಏನಿಲ್ಲ. 2 ಲಕ್ಷ ದಾಟಿದ್ರೂ ಕಂಪನಿ ಟರ್ಬೊನೇ ಇರೋ ಗಾಡಿ ಬೇಕಾದಷ್ಟಿವೆ, 80 ಸಾವಿರಕ್ಕೇ ಕೈ ಕೊಟ್ಟಿರೋವೂ ಇವೆ. ವ್ಯತ್ಯಾಸ ಬರೋದು ಆಯಿಲ್ಲಲ್ಲಿ.

ಯಾಕಂದ್ರೆ ಒಳಗಿರೋ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗತ್ತೆ, ಒಂದು ಪಕ್ಕ ಸೈಲೆನ್ಸರ್ ಕಡೆ ಹೋಗೋ ಕೆಂಡದಂಥ ಹೊಗೆ, ಇನ್ನೊಂದು ಪಕ್ಕ ಫಿಲ್ಟರ್‌ನಿಂದ ಬರೋ ಗಾಳಿ, ಮಧ್ಯದಲ್ಲಿ ಬೇರಿಂಗಿಗೂ ಶಾಫ್ಟಿಗೂ ನಡುವೆ ಇರೋದು ತೆಳ್ಳಗಿನ ಆಯಿಲ್ ಪದರ ಅಷ್ಟೇ. ಅದಕ್ಕೆ ಬೇರೆ ಆಯಿಲ್ ಇಲ್ಲ, ಇಂಜಿನ್ ಆಯಿಲ್ಲೇ. 10,000 ಕಿಲೋಮೀಟರ್‌ಗೋ ವರ್ಷಕ್ಕೋ ಬದಲಾಯಿಸ್ಬೇಕಾಗಿದ್ದನ್ನ ದುಡ್ಡು ಉಳಿಸೋಕೆ ಎಳ್ಕೊಂಡು ಹೋದ್ರೆ ಆಯಿಲ್ ಗಟ್ಟಿಯಾಗಿ ಟರ್ಬೊಗೆ ಹೋಗೋ ಸಣ್ಣ ಪೈಪ್ ಕಟ್ಕೊಳತ್ತೆ, ಶಾಫ್ಟ್ ಒಣಗತ್ತೆ, ಕಥೆ ಮುಗೀತು. ಈ ಇಂಜಿನ್ನಲ್ಲಿ ಟೈಮಿಂಗ್ ಚೈನ್ ಬೇರೆ ಇದೆ, ಅದೂ ಕೆಟ್ಟ ಆಯಿಲ್ಲಲ್ಲೇ ಸವೆಯೋದು. ಹಾಗಾಗಿ ಮೀಟರ್ ನೋಡ್ಬೇಡಿ, ಮೀಟರ್ ತಿರುಗಿಸೋರು ಎಲ್ಲಾ ಊರಲ್ಲೂ ಇದಾರೆ. ಸರ್ವಿಸ್ ಬಿಲ್ ಕೇಳಿ. ಬೆಂಗಳೂರಿಗೆ ದಿನಾ ಹೈವೇಲಿ ಓಡಾಡಿ ಟೈಮಿಗೆ ಆಯಿಲ್ ಹಾಕಿಸಿರೋ 1.5 ಲಕ್ಷದ ಗಾಡಿನ ನಾನು ಕಣ್ಮುಚ್ಚಿ ತಗೋತೀನಿ, ಬಿಲ್ಲೇ ಇಲ್ದಿರೋ 70 ಸಾವಿರದ್ದು ಬೇಡ.

ಗಾಡಿ ನೋಡೋಕೆ ಹೋದಾಗ ಮೊದ್ಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ರೆ ನೀವು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿ ಹೊಗೆ ಎಲ್ಲಾ ಬಿಟ್ಟು ರೆಡಿ ಮಾಡಿಟ್ಟಿದಾರೆ ಅಂತ ಅರ್ಥ, ಇನ್ನೊಂದಿನ ಬೆಳಗ್ಗೆ ಬರ್ತೀನಿ ಅನ್ನಿ. ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷ ಐಡಲ್ ಬಿಟ್ಟು ಜೋರಾಗಿ ಆಕ್ಸಿಲರೇಟರ್ ಒತ್ತಿ, ಹಿಂದೆ ಒಬ್ರನ್ನ ನಿಲ್ಸಿ. ನೀಲಿ ಹೊಗೆ ಬುಸ್ ಅಂತ ಬಂದ್ರೆ ಆಯಿಲ್ ಸುಡ್ತಿದೆ. ಅದು ಟರ್ಬೊನೋ ಇಂಜಿನ್ನೋ ಗೊತ್ತಾಗ್ಬೇಕಂದ್ರೆ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ, ಅಲ್ಲಿಂದಾನೂ ದಬದಬ ಹೊಗೆ ಉಗುಳ್ತಿದ್ರೆ ಇಂಜಿನ್ನಿನ ಪಿಸ್ಟನ್ ರಿಂಗೇ ಹೋಗಿರೋ ಸಾಧ್ಯತೆ ಜಾಸ್ತಿ, ಅಲ್ಲಿಂದ ಸೀದಾ ಮನೆಗೆ ಬನ್ನಿ.

ಆಮೇಲೆ ಮೆಕ್ಯಾನಿಕ್ ಕೈಲಿ ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗೋ ಪೈಪ್ ಬಿಚ್ಚಿಸಿ, ಗಾಡಿ ಆಫ್ ಆಗಿರ್ಬೇಕು, ಬೆರಳು ಹಾಕಿ ಶಾಫ್ಟ್ ಅಲ್ಲಾಡಿಸ್ಲಿ. ಮೇಲೆ ಕೆಳಗೆ ಕೂದಲೆಳೆಯಷ್ಟು ಆಡಿದ್ರೆ ಪರ್ವಾಗಿಲ್ಲ, ಆಯಿಲ್ ಬಂದ್ಮೇಲೆ ಸರಿ ಕೂರತ್ತೆ, ಆದ್ರೆ ಹಿಂದೆ ಮುಂದೆ ಎಳೆದಾಗ ಆಟ ಗೊತ್ತಾದ್ರೆ, ಇಲ್ಲಾ ಶಾಫ್ಟಿನ ತುದೀಲಿರೋ ಫ್ಯಾನಿನ ರೆಕ್ಕೆ ಹೌಸಿಂಗ್ ಗೋಡೆಗೆ ತಾಗಿ ಗೀರು ಬಿದ್ದಿದ್ರೆ ಟರ್ಬೊ ಕೆಲಸ ಇದೆ. ರೆಕ್ಕೆ ಅಂಚು ಸವೆದಿದ್ರೆ ಕ್ರಷರ್ ಧೂಳಿನ ರೋಡಲ್ಲಿ ಫಿಲ್ಟರ್ ಬದಲಾಯಿಸದೆ ಓಡಿಸಿದಾರೆ. ಪೈಪ್ ಒಳಗೆ ಸ್ವಲ್ಪ ಆಯಿಲ್ ಪಸೆ ಇದ್ರೆ ಹೆದರ್ಬೇಡಿ, ಇಂಜಿನ್ ಒಳಗಿನ ಆವಿ ಹೊರಬಿಡೋ ಬ್ರೀದರ್ ಪೈಪಿಂದ ಬಂದಿರತ್ತೆ, ಎಲ್ಲಾ ಡೀಸೆಲ್ಲಲ್ಲೂ ಇರತ್ತೆ.

ಟೆಸ್ಟ್ ಡ್ರೈವ್‌ನ ಲೇಔಟ್ ಒಳಗೆ ಮುಗಿಸ್ಬೇಡಿ, ದೇವರಾಯನದುರ್ಗದ ಕಡೆ ಏರು ಹತ್ಸಿ. ಮೂರನೇ ಗೇರಲ್ಲಿ 2000 ಆರ್‌ಪಿಎಂ ಹತ್ರ ಒಂದು ತಳ್ಳು ಸಿಗ್ಬೇಕು, ಅದಕ್ಕಿಂತ ಕೆಳಗೆ ಈ ಗಾಡಿ ಮಂದನೇ. ಸಣ್ಣ ಸೀಟಿ ಕೇಳ್ಸೋದು ಮಾಮೂಲು, ಸೈರನ್ ಥರ ಕೂಗಿದ್ರೆ ಕೆಟ್ಟದ್ದು. ಪಿಕಪ್ ಇಲ್ದೆ ಕಪ್ಪು ಹೊಗೆ ಬಂತಾ, ಎಷ್ಟೋ ಸಲ ಟರ್ಬೊದಿಂದ ಬರೋ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಹೋಸ್ ಹರಿದಿರತ್ತೆ ಅಷ್ಟೇ, ಓನರ್ ಮಾತ್ರ ಟರ್ಬೊನೇ ಹೋಯ್ತು ಅಂದ್ಕೊಂಡು ಕಮ್ಮಿಗೆ ಕೊಡೋಕೆ ರೆಡಿ ಇರ್ತಾರೆ, ಅಂಥದ್ದು ಸಿಕ್ಕಿದ್ರೆ ಅದೃಷ್ಟ.

"ಹೋದ ವರ್ಷ ಹೊಸ ಟರ್ಬೊ ಹಾಕಿಸಿದೀವಿ ಸಾರ್" ಅಂದ್ರೆ ಖುಷಿ ಪಡ್ಬೇಡಿ, ಹಳೇದು ಯಾಕೆ ಹೋಯ್ತು ಕೇಳಿ. ಆಯಿಲ್ ಪೈಪ್ ಬದಲಾಯಿಸಿದ್ರಾ, ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಸಂಪ್ ಬಿಚ್ಚಿ ಕ್ಲೀನ್ ಮಾಡಿದ್ರಾ, ಇಂಟರ್‌ಕೂಲರ್‌ನಲ್ಲಿ ನಿಂತಿರೋ ಆಯಿಲ್ ತೆಗೆದ್ರಾ? ಅದೇನೂ ಮಾಡ್ದೆ ಹಾಕಿರೋ ಹೊಸದು ಹಳೇದರ ದಾರೀನೇ ಹಿಡಿಯತ್ತೆ. ಅಂದಹಾಗೆ ಕೆಟ್ಟಿದ್ರೂ ಪೂರ್ತಿ ಟರ್ಬೊನೇ ಬೇಕಂತಿಲ್ಲ, ಹೊರಗಿನ ಹೌಸಿಂಗ್ ಚೆನ್ನಾಗಿದ್ರೆ ಒಳಗಿನ ಕಾರ್ಟ್ರಿಡ್ಜ್ (ಶಾಫ್ಟು, ಬೇರಿಂಗು, ರೆಕ್ಕೆ ಸೇರಿರೋ ಭಾಗ) ಮಾತ್ರ ಬದಲಾಯಿಸ್ಬೋದು, ಖರ್ಚು ಎಷ್ಟೋ ಕಮ್ಮಿ.

ತಗೊಂಡ್ಮೇಲೆ ಮೊದಲನೇ ದಿನಾನೇ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಾಯಿಸ್ಬಿಡಿ, ಮ್ಯಾನುಯಲ್‌ನಲ್ಲಿರೋ ಗ್ರೇಡೇ ಹಾಕಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಮಾಡ್ಬೇಡಿ. ಆಫ್ ಮಾಡೋ ಮುಂಚೆ ಮೂರು ನಿಮಿಷ ನಿಲ್ಲಿಸ್ಬೇಕು ಅಂತಾರಲ್ಲ, ಊರೊಳಗೆ ನಿಧಾನಕ್ಕೆ ಬಂದು ಮನೆ ಮುಂದೆ ನಿಲ್ಸೋವಾಗ ಅದೆಲ್ಲಾ ಬೇಡ, ಬೆಂಗಳೂರಿಂದ ನೂರರಲ್ಲಿ ಬಂದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಅಂತ ಗಬಕ್ಕನೆ ನಿಲ್ಸಿದ್ರೆ ಮಾತ್ರ ಒಂದು ನಿಮಿಷ ಐಡಲ್ ಬಿಡಿ, ಇಲ್ಲಾಂದ್ರೆ ಕಾದ ಶಾಫ್ಟ್ ಮೇಲೆ ಆಯಿಲ್ ಸುಟ್ಟು ಇದ್ದಿಲಾಗತ್ತೆ. ಮತ್ತೆ ಪವರ್ ಜಾಸ್ತಿ ಅಂತ ರೀಮ್ಯಾಪ್, ಅಂದ್ರೆ ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲು, ಮಾಡ್ಸಿರೋ ಗಾಡಿ ಆಗಿದ್ರೆ ರೇಟ್ ಎಷ್ಟೇ ಇಳಿಸಿದ್ರೂ ಬಿಟ್ಬಿಡಿ.