ಬಿಸಿ ಡ್ರಮ್ ಇದ್ದಾಗ ಸ್ಲ್ಯಾಕ್ ಮುಟ್ಟಬೇಡಿ

ಅಣ್ಣಾ, ಶಿರಾಡಿ ಘಾಟಿ ಇಳಿದು ಕೆಳಗೆ ಗುಂಡ್ಯದಲ್ಲಿ ಲಾರಿ ನಿಲ್ಲಿಸಿದೆ, ಬ್ರೇಕ್ ಕಮ್ಮಿ ಅನಿಸ್ತು, ಹಿಂದಿನ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕ್ ಶೂಗೂ ಡ್ರಮ್‌ಗೂ ನಡುವಿನ ಸಂದು ಹೊಂದಿಸುವ ತೋಳು) ಎಲ್ಲ ಟೈಟ್ ಮಾಡಿದೆ, ಬೆಳಿಗ್ಗೆ ಎಡಗಡೆ ಚಕ್ರದಲ್ಲಿ ಹೊಗೆ ಬಂತು ಅಂತ ಬರೆದಿದ್ದೀರಿ. ಸುಮ್ನೆ ಲೈನರ್ (ಶೂ ಮೇಲಿನ ಉಜ್ಜುವ ಪಟ್ಟಿ) ಕಂಪನಿಯನ್ನು ಬೈಬೇಡಿ. ಇದೇ ಕೆಲಸ ಮಾಡಿ ನಾನೂ ಒಂದು ಡ್ರಮ್ ಗುಜರಿಗೆ ಹಾಕಿದವನೇ.

ಬಿಸಿಗೆ ಡ್ರಮ್ ಹಿಗ್ಗುತ್ತದೆ. ಶೂ ಅದನ್ನು ಮುಟ್ಟಬೇಕಾದರೆ ಬೂಸ್ಟರ್ (ಗಾಳಿಯ ಒತ್ತಡದಿಂದ ಬ್ರೇಕ್ ಒತ್ತುವ ಡಬ್ಬಿ) ರಾಡ್ ಇನ್ನೂ ಹೊರಗೆ ಬರಬೇಕು, ಹಾಗಾಗಿ ಹಿಡಿತ ಕಮ್ಮಿ. ಆಗ ಟೈಟ್ ಮಾಡಿದರೆ, ತಣ್ಣಗಾದ ಡ್ರಮ್ ಕುಗ್ಗಿ ಲೈನರ್ ಉಜ್ಜುತ್ತಲೇ ಇರುತ್ತದೆ. ಹೊಗೆ ಬಂದದ್ದು ಅದಕ್ಕೇ.

ಕಣ್ಣಂದಾಜು ಬಿಡಿ, ಸ್ಕೇಲ್ ಇಟ್ಟುಕೊಳ್ಳಿ. ಡ್ರಮ್ ಪೂರ್ತಿ ತಣ್ಣಗಾಗಲಿ. ಸಮ ಜಾಗ, ಚಕ್ರಕ್ಕೆ ಎರಡೂ ಕಡೆ ಕಲ್ಲು. ಕಲ್ಲು ಕೊಡದೆ ಪಾರ್ಕಿಂಗ್ ಬ್ರೇಕ್ ಬಿಟ್ಟು ಕೆಳಗೆ ನುಗ್ಗುವವರಿಗೆ ಏನು ಹೇಳೋದು! ಗೇಜ್‌ನಲ್ಲಿ ಆರೂವರೆ ಬಾರ್ ಇರಲಿ, ಇಂಜಿನ್ ಆಫ್. ರಾಡ್ ಮೇಲೆ ಬೂಸ್ಟರ್ ಬಾಯಿಯ ಹತ್ತಿರ ಸೀಮೆಸುಣ್ಣದ ಗೆರೆ ಹಾಕಿ. ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡಿಯಲಿ. ಗೆರೆ ಎಷ್ಟು ಹೊರಗೆ ಬಂತು ಅಳೆಯಿರಿ. 24 ಟೈಪ್ (ಅದು ಸೈಜಿನ ನಂಬರ್) ಬೂಸ್ಟರ್‌ಗೆ 45 ಮಿ.ಮೀ., 30 ಟೈಪ್‌ಗೆ 51 ದಾಟಬಾರದು. ಇದು ಮಾಮೂಲಿ ಬೂಸ್ಟರ್‌ನ ಲೆಕ್ಕ, ಲಾಂಗ್ ಸ್ಟ್ರೋಕ್‌ದಾದರೆ ಬೇರೆ. ಎಡಕ್ಕೂ ಬಲಕ್ಕೂ ಜಾಸ್ತಿ ವ್ಯತ್ಯಾಸ ಬಂದರೆ ಗಾಡಿ ಒಂದು ಕಡೆ ಎಳೆಯುತ್ತದೆ.

ನಿಮ್ಮದು ಹೊಸ ಗಾಡಿ, ತಾನೇ ಟೈಟ್ ಆಗುವ ಆಟೋ ಸ್ಲ್ಯಾಕ್ ಅಲ್ವಾ? ಹಾಗಿದ್ದರೆ ಲೈನರ್ ಬದಲಿಸಿದಾಗ ಬಿಟ್ಟು ಬೇರೆ ಹೊತ್ತಲ್ಲಿ ಸ್ಪ್ಯಾನರ್ ಹಾಕಲೇಬೇಡಿ. ರಾಡ್ ಉದ್ದ ಬರುತ್ತಿದೆ ಅಂದರೆ ಸ್ಲ್ಯಾಕ್ ಹೋಗಿದೆ, ಇಲ್ಲವೇ ಪಿನ್ನೋ ಎಸ್-ಕ್ಯಾಮ್ (ಶೂ ಅಗಲಿಸುವ ಶಾಫ್ಟ್) ಬುಷ್ಷೋ ಸವೆದಿದೆ. ಕೈಯಲ್ಲಿ ತಿರುಗಿಸಿದರೆ ನಾಲ್ಕು ದಿನ ಸರಿ ಇದ್ದು ಮತ್ತೆ ಅಷ್ಟೇ.

ಇನ್ನು ಇಳಿಜಾರಿನ ಮಾತು. ಹತ್ತುವ ಗೇರ್‌ನಲ್ಲೇ ಇಳಿಯಿರಿ, ಇಂಜಿನ್ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿ. ಪುಸ್ ಪುಸ್ ಅಂತ ಪೆಡಲ್ ಕುಟ್ಟುತ್ತಾ ಹೋದರೆ ಪ್ರತಿ ಸಲ ಗಾಳಿ ಹೊರಗೆ ಹೋಗುತ್ತದೆ, ಕಂಪ್ರೆಸರ್ ತುಂಬುವಷ್ಟರಲ್ಲಿ ಬಜರ್ ಕೂಗುತ್ತದೆ. ಅದನ್ನೂ ಕೇಳದೆ ಓಡಿಸಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಹಿಡಿಯುತ್ತದೆ, ತಿರುವಿನ ಮಧ್ಯದಲ್ಲಾದರೂ ಸರಿ. ಕೆಳಗೆ ಬಂದ ಮೇಲೆ ಡ್ರಮ್ ಕಾದಿದ್ದರೆ ತಕ್ಷಣ ಪಾರ್ಕಿಂಗ್ ಎಳೆಯಬೇಡಿ. ಸಮ ಜಾಗದಲ್ಲಿ ಗೇರ್ ಹಾಕಿ, ಕಲ್ಲು ಕೊಟ್ಟು ಟೀ ಕುಡಿಯಿರಿ.

ಏರ್ ಟ್ಯಾಂಕ್ ಡ್ರೈನ್ ಮಾಡುತ್ತೀರಾ? ಗಾಳಿಯ ತೇವ ತೆಗೆಯುವ ಡ್ರೈಯರ್ ಇದೆ ಅಂತ ಬಿಡುವವರೇ ಜಾಸ್ತಿ. ನೀರು ಬಂದರೆ ಡ್ರೈಯರ್ ಕಾರ್ಟ್ರಿಜ್ ಬದಲಿಸಿ. ನಾನು ವಾಬ್ಕೊ ಕಂಪನಿಯದು ಬಿಟ್ಟು ಬೇರೆ ಹಾಕಲ್ಲ, ಡಬ್ಬ ಮಾತ್ರ ಹೊಸದಾಗಿರುವ ಲೋಕಲ್ ಮಾಲಂತೂ ಬೇಡವೇ ಬೇಡ. ಎಣ್ಣೆ ಬಂದರೆ ಕಾರ್ಟ್ರಿಜ್‌ಗೆ ದುಡ್ಡು ಹಾಕುವ ಮೊದಲು ಕಂಪ್ರೆಸರ್ ಬಿಚ್ಚಿಸಿ ನೋಡಿ.