ಮನಾಲಿಯಾ, ಗುಲ್ಮಾರ್ಗಾ? ಅದಕ್ಕಿಂತ ಮೊದಲು ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ನೋಡಿ

ಹಾಸನದಿಂದ ಎರಡು ಮನೆಯವರು, ಮಕ್ಕಳು, ಜೊತೆಗೆ ವಯಸ್ಸಾದ ಅತ್ತೆ ಮಾವ. ಕ್ರಿಸ್‌ಮಸ್ ರಜೆಯಲ್ಲಿ ಐದು ದಿನ. ಹಿಮ ನೋಡಬೇಕು, ಮನಾಲಿ ಒಳ್ಳೆಯದಾ ಗುಲ್ಮಾರ್ಗಾ, ಹಿರಿಯರನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಊರಿನ ಹೆಸರು ಬದಲಾಯಿಸಿದರೆ ಇದು ನಮ್ಮದೇ ಪ್ಲಾನ್.

ನಾವು ಮೂಡಿಗೆರೆ ಕಡೆಯವರು. ಸಣ್ಣ ಕಾಫಿ ತೋಟ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು ಜೋರಾಗಿರುವ ಸಮಯ. ಹಣ್ಣಾದದ್ದನ್ನು ಗಿಡದಲ್ಲೇ ಬಿಟ್ಟರೆ ಉದುರುತ್ತದೆ. ಕೊಯ್ದದ್ದು ಕಣದಲ್ಲಿ ಒಣಗಬೇಕು, ಮೋಡ ಕಂಡರೆ ಓಡಿ ಹೋಗಿ ಟಾರ್ಪಾಲು ಮುಚ್ಚಬೇಕು. ಆದರೆ ಮಕ್ಕಳ ಕಾನ್ವೆಂಟಿಗೆ ರಜೆ ಸಿಗುವುದು ಆಗಲೇ. ನಮ್ಮ ಮನೆಯವರು ಹೇಗೋ ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಎಲ್ಲಾ ಒಪ್ಪಿಸಿ ಹೊರಟರು, ಬೇಗ ವಾಪಸ್ ಬರಬೇಕು ಅನ್ನುವ ಷರತ್ತಿನ ಮೇಲೆ. ಆ ಷರತ್ತಿಗೆ ಬಲಿಯಾಗಿದ್ದು ಒಂದೇ ಒಂದು ದಿನ. ಮನಾಲಿಯಲ್ಲಿ ಸುಮ್ನೆ ಕೂತು ಸುಧಾರಿಸಿಕೊಳ್ಳುವುದಕ್ಕೆ ಅಂತ ಇಟ್ಟಿದ್ದ ದಿನ. 'ಅಷ್ಟು ದುಡ್ಡು ಖರ್ಚು ಮಾಡಿ ಹೋಗಿ ರೂಮಲ್ಲಿ ಕೂರೋದಾ' ಅಂತ ನಾನೇ ಅದನ್ನು ಹೊಡೆದುಹಾಕಿದೆ.

ಜೊತೆಗೆ ಬಂದವರು ನಮ್ಮ ಮನೆಯವರ ಗೆಳೆಯನ ಕುಟುಂಬ, ಹಾಸನದವರು. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಹಿಮ ಕಾಣಬೇಕು ಅನ್ನುವ ಆಸೆ ಅವರಿಗೆ. ಅದಕ್ಕೆ ಮನಾಲಿಯಿಂದ ಮುಂದೆ ಅಟಲ್ ಸುರಂಗದ ಆಚೆ, ಲಾಹೌಲ್ ಕಣಿವೆಯ ಸಿಸ್ಸುವಿನಲ್ಲಿ ಹೋಂಸ್ಟೇ ಬುಕ್ ಮಾಡಿದೆವು. ಬೆಂಗಳೂರಿನಿಂದ ದೆಹಲಿಗೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸು. ಬೆಳಿಗ್ಗೆ ಮನಾಲಿಯಲ್ಲಿ ಇಳಿದು ತಿಂಡಿ ತಿಂದು, ಟೆಂಪೋ ಟ್ರಾವೆಲರ್ ಮಾಡಿಕೊಂಡು ಮಧ್ಯಾಹ್ನಕ್ಕೆ ಸಿಸ್ಸು ಸೇರಿದೆವು.

ನಾನು ಮಾಡಿದ ತಪ್ಪು ಇಲ್ಲೇ ಇದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ನಿಮ್ಮ ಐದು ದಿನದ ಲೆಕ್ಕದಲ್ಲೂ ಅದೇ ಕಾಣುತ್ತಿದೆ.

ನಾವು ಮಲೆನಾಡಿನವರು, ಬೆಟ್ಟ ನಮಗೇನು ಹೊಸದಾ ಅಂದುಕೊಂಡಿದ್ದೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಲ್ಲಿಗೆ ಹತ್ತುತ್ತೇವೆ, ಒಂದು ಗಂಟೆ ಇದ್ದು ಇಳಿಯುತ್ತೇವೆ, ರಾತ್ರಿ ಮನೆಯಲ್ಲಿ ಮಲಗುತ್ತೇವೆ. ಮನಾಲಿ ಪೇಟೆಯೇ ಅದಕ್ಕಿಂತ ಎತ್ತರ, ಸುಮಾರು 2,050 ಮೀಟರ್. ಸಿಸ್ಸು 3,100ರ ಹತ್ತಿರ. ದೆಹಲಿ ಇರುವುದು ಇನ್ನೂರು ಚಿಲ್ಲರೆ ಮೀಟರಿನಲ್ಲಿ. ಅಂದರೆ ಒಂದು ದಿನ ತುಂಬುವುದರೊಳಗೆ ಅತ್ತೆಯನ್ನು ಮೂರು ಸಾವಿರ ಮೀಟರಿನಷ್ಟು ಮೇಲಕ್ಕೆ ಕೊಂಡೊಯ್ದು, ಅಲ್ಲೇ ಮಲಗಿಸಿದ್ದೆವು. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕೆ ಹೋಲಿಸಿದರೆ ನೂರಕ್ಕೆ 70ರಷ್ಟು ಮಾತ್ರ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಸಮಯ ಕೊಡಬೇಕು. ತಗ್ಗಿನಿಂದ ಬಂದವರು ಮೊದಲ ರಾತ್ರಿಯೇ 2,750 ಮೀಟರ್ ದಾಟಿ ಮಲಗಬಾರದು ಅಂತ ಡಾಕ್ಟರುಗಳು ಹೇಳುತ್ತಾರೆ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಸುರಂಗ ಬಂದ ಮೇಲೆ ಈ ತಪ್ಪು ಮಾಡುವುದು ತುಂಬಾ ಸುಲಭವಾಗಿದೆ. 2020ರ ಅಕ್ಟೋಬರಿನಲ್ಲಿ ಅದು ಶುರುವಾಗುವ ಮುಂಚೆ ಆಚೆ ಹೋಗಬೇಕಾದರೆ 3,978 ಮೀಟರಿನ ರೋಹ್ತಾಂಗ್ ಪಾಸ್ ಹತ್ತಿ ಇಳಿಯಬೇಕಿತ್ತು, ಚಳಿಗಾಲದಲ್ಲಿ ಆ ದಾರಿಯೇ ಮುಚ್ಚಿರುತ್ತಿತ್ತು. ಈಗ ಒಂಬತ್ತು ಕಿಲೋಮೀಟರ್ ಬೆಟ್ಟದೊಳಗೆ ನುಗ್ಗಿ ಆಚೆ ಬಂದುಬಿಡುತ್ತೀರಿ. ರಸ್ತೆ ಚೆನ್ನಾಗಿದೆ. ಒಂದು ಗಂಟೆಯಲ್ಲಿ ಸಾವಿರ ಮೀಟರ್ ಏರಿದ್ದೇವೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಇನ್ನೊಂದು ವಿಷಯ. ಅತ್ತೆಗೆ ಘಾಟಿ ಆಗುವುದಿಲ್ಲ. ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿಯಲ್ಲಿ ವಾಂತಿ ಆಗೇ ಆಗುತ್ತದೆ. ನಿಂಬೆಹಣ್ಣು, ಅವೋಮಿನ್ ಮಾತ್ರೆ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಮನಾಲಿ ಬಸ್ಸಿನಲ್ಲೂ ವಾಂತಿ ಮಾಡಿಕೊಂಡರು, ಮಾತ್ರೆ ಕೊಟ್ಟೆ. ಹಾಗಾಗಿ ಸಿಸ್ಸುವಿನಲ್ಲಿ ಸಂಜೆ ತಲೆನೋವು ಅಂದಾಗ ಬಸ್ಸಿನದ್ದೇ ಅಂದುಕೊಂಡೆ. ಹೊರಗೆ ಹಿಮ ಬೀಳಲು ಶುರುವಾಗಿತ್ತು. ಮಕ್ಕಳು ಕಿರುಚಿಕೊಂಡು ಅಂಗಳಕ್ಕೆ ಓಡಿದರು. ಅತ್ತೆ ತಲೆಗೆ ಬಟ್ಟೆ ಕಟ್ಟಿಕೊಂಡು ಸೌದೆ ಒಲೆಯ ಪಕ್ಕ ಮಲಗಿದ್ದರು. 'ಏನಿಲ್ಲ ಕಣಮ್ಮ, ಬಸ್ಸಿನ ಆಯಾಸ. ನೀನು ಹೋಗು, ಮಕ್ಕಳ ಜೊತೆ ಇರು' ಅಂದರು. ನಾನು ಹೋದೆ.

ಊಟ ಬೇಡ ಅಂದರು. ರಾತ್ರಿ ಮತ್ತೆ ವಾಂತಿ. ಬಸ್ಸಿಳಿದು ಅಷ್ಟು ಹೊತ್ತಾದ ಮೇಲೆ ಯಾರಿಗಾದರೂ ಬಸ್ಸಿನ ವಾಂತಿ ಬರುತ್ತದಾ? ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಇನ್ನೊಂದು ಅವೋಮಿನ್ ಕೊಟ್ಟೆ. ಅದು ಮಂಪರು ಬರಿಸುವ ಮಾತ್ರೆ. ಆಮೇಲೆ ಅವರು ಮಂಕಾಗಿ ಬಿದ್ದುಕೊಂಡಿದ್ದು ಮಾತ್ರೆಯಿಂದಲಾ, ಎತ್ತರದಿಂದಲಾ ಅಂತ ತಿಳಿಯುವ ದಾರಿಯನ್ನೂ ನಾನೇ ಮುಚ್ಚಿದಂತಾಯಿತು. ಬೆಳಿಗ್ಗೆ ಬಚ್ಚಲಿಗೆ ಹೋಗಲು ಎದ್ದವರು ಗೋಡೆ ಹಿಡಿದುಕೊಂಡು ತೂರಾಡಿದರು. ಹೋಂಸ್ಟೇಯ ಅಜ್ಜಿ ನೋಡಿದ ಕೂಡಲೇ ಹೇಳಿದ್ದು ಒಂದೇ ಮಾತು: ಇವರನ್ನು ಈಗಲೇ ಕೆಳಗೆ ಕರೆದುಕೊಂಡು ಹೋಗಿ.

ಹೋಗೋಣ ಅಂದರೆ ರಾತ್ರಿಯಿಡೀ ಬಿದ್ದ ಹಿಮಕ್ಕೆ ಪೊಲೀಸರು ದಾರಿ ಬಂದ್ ಮಾಡಿದ್ದರು. ಹಿಮ ತಳ್ಳಿ, ದಾರಿ ಬಿಟ್ಟಾಗ ಮಧ್ಯಾಹ್ನ ಕಳೆದಿತ್ತು. ಆಗಲೂ ಫೋರ್ ಬೈ ಫೋರ್ ಗಾಡಿಗಳಿಗೆ ಮಾತ್ರ. ನಮ್ಮ ಟೆಂಪೋ ಅಲ್ಲೇ ನಿಂತಿತು. ಊರವರ ಗಾಡಿ ಸಿಗುವ ತನಕ ಅತ್ತೆಯ ಕೈ ಉಜ್ಜುತ್ತಾ ಕೂತಿದ್ದೆ. ಆ ಹೊತ್ತಿನಲ್ಲಿ ಕಣ, ಕಾಫಿ, ಹಿಮ ಯಾವುದೂ ತಲೆಯಲ್ಲಿರಲಿಲ್ಲ.

ಮನಾಲಿಯ ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ, ಆಮ್ಲಜನಕ ಕೊಟ್ಟರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, 'ದೆಹಲಿ ಬಿಟ್ಟಿದ್ದು ಯಾವಾಗ?' ಉತ್ತರ ಕೇಳಿ ತಲೆ ಅಲ್ಲಾಡಿಸಿದರು. ಕೆಳಗೆ ತಂದದ್ದೇ ಮುಖ್ಯ ಔಷಧಿ, ಇನ್ನೊಂದು ರಾತ್ರಿ ಅಲ್ಲೇ ಇದ್ದಿದ್ದರೆ ಕಷ್ಟವಾಗುತ್ತಿತ್ತು ಅಂದರು. ಅತ್ತೆ ಸುಧಾರಿಸಿಕೊಂಡರು. ಆದರೆ ಅವರು ಹಿಮ ನೋಡಿದ್ದು ಕಿಟಕಿಯಿಂದ, ಗಾಡಿಯ ಗಾಜಿನಿಂದ ಮಾತ್ರ. ಕೈಯಲ್ಲಿ ಹಿಡಿಯಲೇ ಇಲ್ಲ. ಈಗ ಹೊರನಾಡು, ಶೃಂಗೇರಿಗೆ ಬರುತ್ತಾರೆ. ಅದಕ್ಕಿಂತ ದೂರಕ್ಕೆ ಕರೆದರೆ 'ನೀವು ಹೋಗಿ ಬನ್ನಿ' ಅನ್ನುತ್ತಾರೆ. ಇದು ನನಗೆ ಇವತ್ತಿಗೂ ನೋವು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮನಾಲಿಯಾ ಗುಲ್ಮಾರ್ಗಾ ಅನ್ನುವುದು ಎರಡನೆಯ ಮಾತು. ಮೊದಲ ಎರಡು ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಮೊದಲನೆಯದು. ಹಗಲು ಮೇಲೆ ಹೋಗಿ ಹಿಮದಲ್ಲಿ ಆಡಿ, ರಾತ್ರಿ ಕೆಳಗೆ ಬಂದು ಮಲಗಿ. ಮನಾಲಿಗೆ ಹೋದರೆ ಎಲ್ಲಾ ರಾತ್ರಿ ಮನಾಲಿಯಲ್ಲೇ ಇರಿ. ಬಸ್ಸಿಳಿದ ದಿನ ಪೇಟೆ, ಹಿಡಿಂಬಾ ಗುಡಿ, ನಿದ್ದೆ. ಅಷ್ಟೇ. ಮರುದಿನ ಮನಾಲಿ ಹತ್ತಿರದ ಸೋಲಂಗ್ ಕಣಿವೆ, ಅದು 2,500ರ ಆಸುಪಾಸು. ಅಲ್ಲಿ ಹಿಮ ಇಲ್ಲದಿದ್ದರೆ ಮಾತ್ರ ಅದರ ಮರುದಿನ ಸುರಂಗ ದಾಟಿ, ಸಂಜೆಯೊಳಗೆ ವಾಪಸ್ ಬನ್ನಿ. ಗುಲ್ಮಾರ್ಗ್ ಆದರೆ ಶ್ರೀನಗರದಲ್ಲಿ ಉಳಿಯಿರಿ. ಅದು 1,600 ಮೀಟರಿಗೂ ಕಡಿಮೆ, ಗುಲ್ಮಾರ್ಗ್ 2,650. ಹಿರಿಯರಿಗೆ ಹಾಗೆ ನೋಡಿದರೆ ಅದೇ ವಾಸಿ. ಅಲ್ಲಿನ ಗೊಂಡೊಲಾದ, ಅಂದರೆ ಕೇಬಲ್ ಕಾರಿನ, ಮೊದಲ ಹಂತ ಸಾಕು. ಎರಡನೆಯದು 3,900 ದಾಟಿ ಹೋಗುತ್ತದೆ, ಅಲ್ಲಿಗೆ ಅತ್ತೆ ಮಾವನನ್ನು ಕರೆದೊಯ್ಯಬೇಡಿ.

ಯಾರಿಗಾದರೂ ಮೇಲೆ ಹೋದ ಮೇಲೆ ತಲೆನೋವು, ವಾಕರಿಕೆ, ಸುಸ್ತು ಬಂದರೆ ಬೇರೆ ಕಾರಣ ಸಿಗುವ ತನಕ ಎತ್ತರವೇ ಕಾರಣ ಅಂತ ತಿಳಿಯಿರಿ. ಇನ್ನೂ ಮೇಲೆ ಹೋಗಲೇಬೇಡಿ. ಜಾಸ್ತಿ ಆಗುತ್ತಿದ್ದರೆ ಬೆಳಗಾಗಲಿ ಅಂತ ಕಾಯದೆ ಇಳಿಯಿರಿ. ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ ಅದು ಅಪಾಯ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ. ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಡಯಾಮಾಕ್ಸ್ ಅಂತ ಒಂದು ಮಾತ್ರೆ ಇದೆ, ಹಾಸನದಲ್ಲೇ ನಿಮ್ಮ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ, ಮೆಡಿಕಲ್ ಶಾಪಿನವರ ಮಾತಿಗೆ ತೆಗೆದುಕೊಳ್ಳಬೇಡಿ. ಎತ್ತರದ ಈ ತೊಂದರೆ ಮುದುಕರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ನಮ್ಮ ಗೆಳೆಯರ ಮಗ ಕಾಲೇಜಿನಲ್ಲಿ ಕಬಡ್ಡಿ ಆಡುವ ಹುಡುಗ, ಅವನಿಗೂ ಆ ರಾತ್ರಿ ತಲೆ ಸಿಡಿಯುತ್ತಿತ್ತು. ಗಟ್ಟಿಮುಟ್ಟಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪುಟ್ಟ ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಹಿರಿಯರು ನಿಮ್ಮ ಸಂತೋಷ ಕೆಡಬಾರದು ಅಂತ ಹೇಳುವುದಿಲ್ಲ. ಕೇಳಬೇಕಾದವರು ನೀವು. 'ಚೆನ್ನಾಗಿದ್ದೀರಾ' ಅಂತ ಕೇಳಿದರೆ ಚೆನ್ನಾಗಿದ್ದೀನಿ ಅಂತಲೇ ಅನ್ನುತ್ತಾರೆ. ಊಟ ಎಷ್ಟು ಮಾಡಿದರು, ನಡಿಗೆ ಹೇಗಿದೆ ನೋಡಿ.

ಡಿಸೆಂಬರ್ ಬಗ್ಗೆಯೂ ಒಂದು ಮಾತು. ಹಿಮ ಕ್ಯಾಲೆಂಡರ್ ನೋಡಿ ಬೀಳುವುದಿಲ್ಲ. ಪಶ್ಚಿಮದಿಂದ ಮಳೆ, ಹಿಮ ತರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವ ಮಾರುತ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ತಿಂಗಳ ಕೊನೆಯವರೆಗೂ ಒಣಗಿ ನಿಂತಿತ್ತು. ಅದೇ ವರ್ಷ ಡಿಸೆಂಬರ್ ಕೊನೆಗೆ ಸೋಲಂಗ್ ಮತ್ತು ಸುರಂಗದ ನಡುವೆ ಹಿಮ ಬಿದ್ದು ನೂರಾರು ಗಾಡಿಗಳು ಸಿಕ್ಕಿಹಾಕಿಕೊಂಡವು. ಕ್ರಿಸ್‌ಮಸ್‌ನಿಂದ ಹೊಸ ವರ್ಷದ ತನಕ ಅಲ್ಲಿ ಜನವೋ ಜನ, ರೂಮಿನ ಬಾಡಿಗೆಯೂ ಹಾಗೇ. ನನ್ನನ್ನು ಕೇಳಿದರೆ ಜನವರಿ ಕೊನೆ, ಫೆಬ್ರವರಿ ಮೊದಲು ಹೋಗಿ. ಹಿಮ ಸಿಗುವ ಸಾಧ್ಯತೆಯೂ ಜಾಸ್ತಿ. ಮಕ್ಕಳಿಗೆ ನಾಲ್ಕು ದಿನ ಸ್ಕೂಲು ತಪ್ಪಿದರೆ ಏನೂ ಆಗುವುದಿಲ್ಲ, ಪರೀಕ್ಷೆಯ ವರ್ಷ ಅಲ್ಲದಿದ್ದರೆ.

ಬಟ್ಟೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಹತ್ತಿ ಸಾಕ್ಸು, ಜೀನ್ಸ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಒಳಗೆ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ನೀರಿಳಿಯದ ಜಾಕೆಟ್. ಹಿಮದ ಕೋಟು, ಗಂಬೂಟು ದಾರಿಯುದ್ದಕ್ಕೂ ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಡಿ. ಉಣ್ಣೆ ಸಾಕ್ಸು ಮಾತ್ರ ಮನೆಯಿಂದಲೇ ಎರಡೆರಡು ಜೊತೆ ಒಯ್ಯಿರಿ.

ಎರಡು ಮನೆಯವರು ಅಂದಿರಲ್ಲ, ಗಾಡಿ ಎರಡು ಮಾಡಿ. ನಮ್ಮದು ಒಂದೇ ಗಾಡಿ, ಒಂದೇ ಬುಕಿಂಗು. ಅತ್ತೆಗೆ ಹುಷಾರಿಲ್ಲ ಅಂತ ಗೆಳೆಯರ ಮಕ್ಕಳೂ ಅಳುತ್ತಾ ಇಳಿದರು. ಅವರು ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಆಮೇಲೆ ಬಹಳ ದಿನ ಮಾತು ಮೊದಲಿನಂತೆ ಇರಲಿಲ್ಲ. ಯಾರಿಗೆ ಹುಷಾರಿಲ್ಲವೋ ಅವರ ಮನೆಯವರು ಇಳಿಯುತ್ತಾರೆ, ಉಳಿದವರು ಇರುತ್ತಾರೆ ಅಂತ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ.

ಹಾಗಾದರೆ ಅತ್ತೆ ಮಾವನನ್ನು ಬಿಟ್ಟು ಹೋಗುವುದಾ? ಬೇಡ. ಎಲ್ಲರೂ ಅದನ್ನೇ ಹೇಳುತ್ತಾರೆ, ನಾನು ಹೇಳುವುದಿಲ್ಲ. ಜೀವಮಾನವಿಡೀ ಮನೆ, ಮಕ್ಕಳು ಅಂತ ಕಳೆದವರಿಗೂ ಹಿಮ ಮುಟ್ಟಿ ನೋಡುವ ಆಸೆ ಇರುತ್ತದೆ. ಐದು ದಿನವನ್ನು ಏಳು ಮಾಡಿ. ಆಗದಿದ್ದರೆ ಒಂದು ಜಾಗ ಕಡಿಮೆ ಮಾಡಿ, ಅವರನ್ನಲ್ಲ. ಬಿಪಿ, ಹೃದಯ, ಉಬ್ಬಸ ಏನಾದರೂ ಇದ್ದರೆ ಟಿಕೆಟ್ ಮಾಡುವ ಮುಂಚೆ ಡಾಕ್ಟರಿಗೆ ತೋರಿಸಿ, ಎಷ್ಟು ಮೀಟರ್ ಎತ್ತರಕ್ಕೆ ಹೋಗುತ್ತೀರಿ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಅವರ ದಿನದ ಮಾತ್ರೆಗಳನ್ನು ವಿಮಾನದೊಳಗೆ ಒಯ್ಯುವ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿಗೆ ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ, ಮಧ್ಯಾಹ್ನ ಇಳಿಯುವಂಥದ್ದು ನೋಡಿ ಬುಕ್ ಮಾಡಿ.